ಲಾರಿ ಪಟ್ಟಿಯ ಚಾಕು

ಚಾಕು ಮಾಡುವ ಹುಚ್ಚು ನನಗೆ ಹತ್ತಿದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಕಡೂರಿನ ಗುಜರಿ ಅಂಗಡಿಯಲ್ಲಿ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯೊಂದನ್ನು ಆರಿಸಿಕೊಂಡು, ಕೆಲಸ ಕಲಿಯೋಣ ಅಂತ ಅಜ್ಜಂಪುರದ ಒಂದು ಕುಲುಮೆಗೆ ಹೋದೆ. ಕಮ್ಮಾರರು ನನಗಿಂತ ಹಿರಿಯರು, ಮಾತು ಕಡಿಮೆ. ಪಟ್ಟಿಯನ್ನು ಕೆಂಡಕ್ಕಿಡುತ್ತಾ, "ಎಲ್ಲೀದಪ್ಪಾ ಇದು?" ಅಂದರು.

ಗುಜರೀದು ಅಂದಿದ್ದರೆ ಮುಗಿಯುತ್ತಿತ್ತು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ಹೋದ ವರ್ಷ ಕೆಮ್ಮಣ್ಣುಗುಂಡಿ ರಸ್ತೇಲಿ ಲಾರಿ ಉರುಳ್ತಲ್ಲ, ಅದರದ್ದು ಕಣಣ್ಣ. ಡ್ರೈವರ್ ಸತ್ತೋದ. ರಕ್ತ ಕುಡಿದಿರೋ ಕಬ್ಬಿಣ, ಒಳ್ಳೇ ಹರಿತ ಬರುತ್ತೆ," ಅಂದುಬಿಟ್ಟೆ. ಅಂಥದ್ದೊಂದು ಲಾರಿ ನಿಜಕ್ಕೂ ಉರುಳಿತ್ತು ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ಅವರು ಇಕ್ಕಳದಲ್ಲಿ ಪಟ್ಟಿಯನ್ನು ಹೊರಗೆಳೆದು ನೀರಿಗೆ ಅದ್ದಿದರು. ಚುಂಯ್ ಅನ್ನೋ ಸದ್ದು ಅಡಗಿದ ಮೇಲೆ, "ಅದನ್ನ ಓಡಿಸ್ತಿದ್ದೋನು ನನ್ನ ಮಗ," ಅಂದರು.

"ಅಯ್ಯೋ, ತಮಾಷೆಗೆ ಅಂದೆ ಕಣಣ್ಣ! ದೇವರಾಣೆ, ಗುಜರೀಲಿ ತಂದಿದ್ದು."

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಪ್ಪಾ. ಇದು ನನ್ಹತ್ರಾನೇ ಇರ್ಲಿ."

ಪಟ್ಟಿಯನ್ನು ಹೆಗಲ ಟವಲಿನಲ್ಲಿ ಒರೆಸಿ, ಗೋಡೆಗೆ ಒರಗಿಸಿ, ಮೂರು ಬೆರಳಲ್ಲಿ ವಿಭೂತಿ ಎಳೆದರು.

ವಾರದ ಮೇಲೆ ಫೋನ್ ಬಂತು. "ಸೊಸೇನೂ ಒಂದು ಕೇಳ್ತಾಳೆ, ಮನೇಲಿಟ್ಕೊಳ್ಳೋಕೆ. ಅದೇ ಲಾರೀದು ಇನ್ನೊಂದು ಸಿಗುತ್ತೇನಪ್ಪಾ?"

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮತ್ತೆ ಕಡೂರಿಗೆ ಹೋದೆ.

"ಯಾವ ಗಾಡೀದು ಬೇಕು ಸಾರ್?" ಅಂದ ಗುಜರಿಯವನು.

"ಯಾವುದಾದ್ರೂ ಆಗುತ್ತೆ," ಅಂದೆ. ಆ ಲಾರಿಯ ವಿಷಯದಲ್ಲಿ ನಾನು ಹೇಳಿ, ಯಾರಾದರೂ ನಂಬಿದ ನಿಜ ಅದೊಂದೇ.