ವಾರೆ ಗದ್ದ

ಮುದ್ದೆ ಉಣ್ಣುವವರಿಗೆ ದವಡೆಯ ಹಂಗು ಕಡಿಮೆ. ನಮ್ಮ ಮದ್ದೂರಿನ ಕಡೆ ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅದಕ್ಕೇ ಇರಬೇಕು ಮಿತ್ರರೇ, ನನ್ನ ಹೆಂಡತಿ ಜಯಲಕ್ಷ್ಮಿಯ ಬಲದವಡೆಯೊಳಗೆ ಗೆಡ್ಡೆಯೊಂದು ನೆಮ್ಮದಿಯಾಗಿ ಕುಳಿತು ಮೂಳೆಯನ್ನು ತಿನ್ನುತ್ತಿದ್ದುದು ನಮ್ಮಿಬ್ಬರಿಗೂ ಬಹುಕಾಲ ತಿಳಿಯಲಿಲ್ಲ. ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವ ಅವಳು, ಕೆನ್ನೆ ಊದಿದ್ದನ್ನು ಹಲ್ಲುನೋವೆಂದೇ ತಿಳಿದು, ಬಾಯಲ್ಲೊಂದು ಲವಂಗ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದಳು.

ಮಂಡ್ಯದ ಡಾಕ್ಟರಮ್ಮ ಸ್ಕ್ಯಾನು ನೋಡಿ, ಕ್ಯಾನ್ಸರ್ ಅಲ್ಲ, ಆದರೆ ಬಲದವಡೆ ತೆಗೆಯಲೇಬೇಕು, ಕಾಲಿನ ಸಣ್ಣ ಮೂಳೆಯ ತುಂಡನ್ನು ಅಲ್ಲಿ ಕೂರಿಸುತ್ತೇವೆ ಎಂದರು. ಮುಂದಿನ ಸಲ ಹೋದಾಗ ಮೇಜಿನ ಮೇಲೊಂದು ಬಿಳಿಯ ದವಡೆಯಿತ್ತು. ಸ್ಕ್ಯಾನಿನ ಅಳತೆ ಹಿಡಿದು ತ್ರೀಡಿ ಪ್ರಿಂಟರು ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರವಾಗಿ ಪೇರಿಸಿ ಮಾಡಿದ್ದು. ಕೆಟ್ಟ ಬಲಭಾಗದ ಜಾಗಕ್ಕೆ, ಚೆನ್ನಾಗಿದ್ದ ಎಡಭಾಗವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೂಡಿಸಿದ್ದರು. ಲೋಹದ ಪಟ್ಟಿ ಬಗ್ಗಿಸುವುದು, ಕಾಲಿನ ಮೂಳೆ ಕತ್ತರಿಸುವುದು, ಎಲ್ಲವೂ ಇದರ ಅಳತೆಗೇ. ಬದುಕಿರುವಾಗ ತನ್ನ ದವಡೆಯನ್ನು ತಾನೇ ಕೈಯಲ್ಲಿ ಹಿಡಿಯುವ ಯೋಗ ಎಲ್ಲರಿಗೂ ಬರುವುದಿಲ್ಲ. ಜಯ ಅದನ್ನು ಹೊಲಿಗೆ ಪರೀಕ್ಷಿಸುವಂತೆ ತಿರುಗಿಸಿ ನೋಡಿ ಕೆಳಗಿಟ್ಟಳು.

"ಡಾಕ್ಟ್ರಮ್ಮ, ಇದು ನಂದಲ್ಲ. ನೆಟ್ಗದೆ."

"ನೆಟ್ಟಗಿದ್ರೆ ಒಳ್ಳೇದಲ್ವಾ?"

"ನನ್ ಗದ್ದ ಬಲಕ್ಕೆ ಒಸಿ ವಾರೆ. ನಮ್ಮವ್ವಂದೂ ಅಂಗೇ ಇತ್ತು. ನನ್ ಮದ್ವೆಗ್ ಮುಂಚೇನೇ ತೀರ್ಕೊಂಡ್ಳು, ಅವ್ಳ್ದು ಒಂದ್ ಪೋಟೋನೂ ಉಳೀಲಿಲ್ಲ. ನೋಡ್ಬೇಕು ಅನ್ಸುದ್ರೆ ಕನ್ನಡಿ ನೋಡ್ಕೋತೀನಿ."

ಇಪ್ಪತ್ತು ವರ್ಷ ಎದುರಿಗೆ ಕುಳಿತು ಉಂಡಿದ್ದೇನೆ. ಗದ್ದ ವಾರೆಯೆಂದು ಗೊತ್ತಿತ್ತು, ಅದರಲ್ಲಿ ಇನ್ನೊಬ್ಬರ ವಾಸವಿದೆಯೆಂದು ಗೊತ್ತಿರಲಿಲ್ಲ. ಮುಖವನ್ನು ನಾವು ಸ್ವಂತ ಆಸ್ತಿಯೆಂದು ತಿಳಿದು ಪೌಡರು ಬಳಿಯುತ್ತೇವೆ. ಅದರ ಹಳೆಯ ಹಕ್ಕುದಾರರು ಒಳಗೇ ಇರುತ್ತಾರೆ, ಸದ್ದು ಮಾಡುವುದಿಲ್ಲ, ಅಷ್ಟೆ.

ಡಾಕ್ಟರಮ್ಮ ಬಿಳಿಯ ದವಡೆಯನ್ನು ಪಕ್ಕಕ್ಕೆ ಸರಿಸಿ, ಜಯಳ ಹಳೆಯ ಫೋಟೋ ತರಲು ಹೇಳಿದರು. ಮದುವೆಯ ಆಲ್ಬಮ್ ಒಯ್ದೆ. ಅಂದು ಫೋಟೋದವನು "ನೆಟ್ಗೆ ನೋಡಮ್ಮ" ಎಂದು ಹತ್ತಾರು ಸಲ ಕೂಗಿದ್ದ; ಗದ್ದ ಮಾತ್ರ ಕೇಳಿರಲಿಲ್ಲ. ವಾರದೊಳಗೆ ಎರಡನೆಯ ದವಡೆ ಬಂತು, ವಾರೆಯಾಗಿ. ಜಯ ಅದರ ಮೇಲೆ ಬೆರಳಾಡಿಸಿ, "ಊಂ, ಮಾಡಿ" ಎಂದಳು.

ಆಪರೇಷನ್ ಬೆಳಗ್ಗೆ ಹಿಡಿದು ಸಂಜೆಗೆ ಮುಗಿಯಿತು. ಊತ ಇಳಿಯಲು ತಿಂಗಳುಗಳೇ ಬೇಕಾದವು. ಅಷ್ಟು ದಿನವೂ ಅವಳು ಕನ್ನಡಿ ಕೇಳಲಿಲ್ಲ, ನಾನು ಕೊಡಲಿಲ್ಲ. ಒಂದು ಬೆಳಗ್ಗೆ ತಾನೇ ಹೋಗಿ ಅದರ ಮುಂದೆ ನಿಂತಳು.

"ಬನ್ನಿ ಇಲ್ಲಿ. ವಾರೆ ಐತಾ?"

"ಐತೆ."

"ಎಷ್ಟು?"

"ಮೊದ್ಲು ಇದ್ದಷ್ಟೇ."

ಅವಳು ಮತ್ತೆ ಕನ್ನಡಿಯ ಕಡೆ ತಿರುಗಿ, ಇನ್ನೂ ಸರಿಯಾಗಿ ತೆರೆಯದ ಬಾಯಲ್ಲಿ, "ಬಂದ್ಯಾ ಅವ್ವಾ?" ಎಂದಳು.

ಹಾಲು ಉಕ್ಕುತ್ತಿರಬಹುದೆಂದು ನಾನು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.