ವಡೋದರಾಕ್ಕೆ ಬರೆದ ಎರಡನೆಯ ಕಾಗದ

ಮುಂಬಯಿಯಿಂದ ಅಹಮದಾಬಾದಿಗೆ ಹಗಲು ಗಾಡಿಯಲ್ಲಿ ಸುಮಾರು ಒಂಬತ್ತು ತಾಸು. ದಾರಿಯಲ್ಲಿ ಮೊದಲು ಸೂರತ್, ಆಮೇಲೆ ವಡೋದರಾ. ನನಗೆ ಕೆಲಸವಿದ್ದದ್ದು ವಡೋದರಾದಲ್ಲಿ, ಟಿಕೆಟ್ ತೆಗೆಸಿದ್ದು ಅಹಮದಾಬಾದಿಗೆ. ವಡೋದರಾ ಬಂದಾಗ ಪ್ಲಾಟ್‌ಫಾರ್ಮಿಗೆ ಇಳಿದೆ, ಎರಡು ರೂಪಾಯಿಯ ಚಹಾ ಕುಡಿದೆ, ಮತ್ತೆ ಹತ್ತಿ ಕುಳಿತೆ. ಹನ್ನೆರಡು ವರ್ಷ ಮುಂದೂಡಿದ್ದನ್ನು ಇನ್ನೆರಡು ದಿನ ಮುಂದೂಡಿದರೆ ಏನಾಗುತ್ತದೆ ಎಂದುಕೊಂಡೆ.

ಅದು 1999ರ ನವೆಂಬರ್. ಧಾರವಾಡದಿಂದ ಹೊರಟಾಗ ಜೇಬಿನಲ್ಲಿ ಎರಡು ಪತ್ರಗಳಿದ್ದವು. ಒಂದು ಅಹಮದಾಬಾದಿನಲ್ಲಿರುವ ಚಿಕ್ಕಮ್ಮನ ಮಗ ಶ್ರೀಧರನದು. ಅಲ್ಲಿನ ಕನ್ನಡಿಗರು ರಾಜ್ಯೋತ್ಸವದ ಸಮಾರಂಭದಲ್ಲಿ ಮಾಜಿ ಸೈನಿಕನೊಬ್ಬನಿಗೆ ಶಾಲು ಹೊದಿಸಬೇಕೆಂದಿದ್ದಾರೆ, ನೀನು ಬಾ ಎಂದು ಬರೆದಿದ್ದ. ಇನ್ನೊಂದು ವಡೋದರಾದ ನಂಜುಂಡಯ್ಯನವರ ಇನ್‌ಲ್ಯಾಂಡ್. 'ನಿಮ್ಮಿಂದ ಒಂದು ಕಾಗದ ಬೇಕಾಗಿದೆ. ಮುಖತಃ ಹೇಳುತ್ತೇನೆ.' ಅವರ ಹಿರಿಯ ಮಗ ಪ್ರಕಾಶ ನನ್ನ ವೈರ್‌ಲೆಸ್ ಆಪರೇಟರ್ ಆಗಿದ್ದ. 1987ರ ಕೊನೆಯಲ್ಲಿ, ನಮ್ಮ ಸೈನ್ಯ ಶ್ರೀಲಂಕಾಕ್ಕೆ ಹೋಗಿದ್ದಾಗ, ಜಾಫ್ನಾದಲ್ಲಿ ಸತ್ತ. ಸಾವಿನ ಸುದ್ದಿಯ ಹಿಂದೆಯೇ ಅವನ ಮನೆಗೆ ಕಾಗದ ಬರೆದವನು ನಾನು.

ಅದರಲ್ಲಿ ಏನು ಬರೆದಿದ್ದೆ ಎಂಬುದು ನನಗೆ ನೆನಪಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿ ಸೈನ್ಯಕ್ಕೆ ಸೇರಿದವನು ನಾನು. ಐದು ವರ್ಷದ ಆಫೀಸರ್ ಕಮಿಷನ್ ಮುಗಿಸಿ ಬಂದು ಈಗ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಘಟನೆಗೆ ಹತ್ತಿರದ ದಾಖಲೆಯನ್ನು ಮೊದಲು ನೋಡಿ ಎಂದು ಕ್ಲಾಸಿನಲ್ಲಿ ಹೇಳುತ್ತೇನೆ. ಪ್ರಕಾಶನ ಸಾವಿಗೆ ಹತ್ತಿರದ ದಾಖಲೆ ನನ್ನದೇ ಆ ಕಾಗದ. ನನ್ನ ತಲೆಯಲ್ಲಿ ಉಳಿದಿರುವುದು ಅಂದು ನಡೆದದ್ದೋ, ಆಮೇಲೆ ಎಲ್ಲಿಂದಲೋ ಬಂದು ಸೇರಿಕೊಂಡದ್ದೋ ನೋಡಬೇಕಿತ್ತು.

ಗಾಡಿಯಲ್ಲಿ ಸೂರತ್‌ವರೆಗೆ ನನ್ನೆದುರು ಒಬ್ಬ ಸೀರೆ ವ್ಯಾಪಾರಿ ಕುಳಿತಿದ್ದರು. ಹಾಸಿಗೆ ಸುತ್ತಿದ್ದ ನನ್ನ ಹಳೆಯ ಹೋಲ್ಡಾಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹುದ್ದೆ, ಹೆಸರು ಓದಿ, ತಮ್ಮ ಡಬ್ಬಿ ಬಿಚ್ಚಿ ಮೆಂತ್ಯದ ಸೊಪ್ಪು ಹಾಕಿದ ನಾಲ್ಕು ಥೇಪ್ಲಾ ರೊಟ್ಟಿ ಕೊಟ್ಟರು. ನಮ್ಮ ಮಾತು ಹಿಂದಿಯಲ್ಲಿ ನಡೆಯಿತು.

"ಕಾರ್ಗಿಲ್, ಕ್ಯಾಪ್ಟನ್ ಸಾಹೇಬ್?"

"ಅಲ್ಲ, ಶ್ರೀಲಂಕಾ."

"ಶ್ರೀಲಂಕಾದವರ ಕೈಲಿ ನಾವು ಸೋತದ್ದು ಕ್ರಿಕೆಟ್‌ನಲ್ಲಿ. ಯುದ್ಧ ಯಾವಾಗ ಆಯಿತು?"

ಬೋಗಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಅವರ ಥೇಪ್ಲಾ ಬಾಯಲ್ಲಿತ್ತು. ಇದು ಹೊಸದೇನಲ್ಲ. ನಾನು ಊರಿಗೆ ಬಂದಾಗ ನಮ್ಮ ಓಣಿಯವರು ಕೇಳಿದ ಮೊದಲ ಪ್ರಶ್ನೆ, "ಟೂ-ಇನ್-ಒನ್ ರೇಡಿಯೋ ತಂದಿ ಏನು? ಅಲ್ಲೆ ಭಾಳ ಸೋವಿ ಅಂತ." ಕಾಲೇಜಿನ ಸಹೋದ್ಯೋಗಿಯೊಬ್ಬರು ಮಾತ್ರ ಬೇರೆ ಕೇಳಿದ್ದರು: "ಎಷ್ಟು ಜನ ತಮಿಳರನ್ನ ಕೊಂದ್ರಿ?"

ಅಹಮದಾಬಾದಿನಲ್ಲಿ ಚಳಿ ಆಗಷ್ಟೇ ಶುರುವಾಗಿತ್ತು. ಶ್ರೀಧರ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದಾನೆ, ಮನೆ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ. ಮರುದಿನ ಮಧ್ಯಾಹ್ನ ನದಿ ದಾಟಿ ಮಣಿನಗರದ ಸಭಾಂಗಣಕ್ಕೆ ಆಟೋದಲ್ಲಿ ಹೋದೆವು. ಬಾಗಿಲಲ್ಲೇ ಬ್ಯಾನರ್ ಕಂಡಿತು. ಹಿಮದ ಬೆಟ್ಟ, ಬಂದೂಕು, 'ಕಾರ್ಗಿಲ್ ವೀರನಿಗೆ ಕನ್ನಡಿಗರ ನಮನ'. ಕೆಳಗೆ ನನ್ನ ಹೆಸರು.

"ಶ್ರೀಧರಾ, ನಾ ಕಾರ್ಗಿಲ್ ನೋಡೇ ಇಲ್ಲಲ್ಲೋ!"

"ಇಲ್ಲಿ ಯಾರ್ ನೋಡ್ಯಾರ? ಬಿಡೋ ಅಣ್ಣಾ, ಪ್ರಿಂಟ್ ಆಗ್ಯದ. ಶಾಲು ಹೊದಿಸ್ಕೊಂಡು ನಾಕ್ ಮಾತಾಡಿ ಇಳದ್ಬಿಡು."

ನಾಲ್ಕು ಮಾತಿನಲ್ಲಿ ಮೊದಲನೆಯದೇ ಅದಾಯಿತು. ನಾನು ಸೈನ್ಯ ಬಿಟ್ಟು ಏಳು ವರ್ಷವಾಯಿತು, ಹೋಗಿದ್ದದ್ದು ಜಾಫ್ನಾಕ್ಕೆ, ಅಲ್ಲಿ ನನ್ನ ಜೊತೆಗಿದ್ದವರು ಸತ್ತರು ಎಂದು ಮೈಕಿನಲ್ಲಿ ಹೇಳಿದೆ. ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಮುಂದಿನ ಸಾಲಿನ ಹೆಂಗಸೊಬ್ಬರು ಮರ್ಯಾದೆಯಿಂದಲೇ ಕೇಳಿದರು: "ಕೊನೆಗೆ ಯಾರು ಗೆದ್ರು?"

"ಯಾರೂ ಗೆಲ್ಲಲಿಲ್ಲಮ್ಮ."

ನರೋಡಾದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಎಂಜಿನಿಯರ್ ಒಬ್ಬರು ಎದ್ದು ನಿಂತರು. "ಅಲ್ಲಾ ಸಾರ್, ನಾವು ಅಲ್ಲಿಗೆ ಹೋಗಿದ್ದೇ ತಪ್ಪಲ್ವಾ? ಪಕ್ಕದ ಮನೆಯೋರ ಜಗಳಕ್ಕೆ ನಾವ್ಯಾಕೆ ತಲೆ ಹಾಕ್ಬೇಕಿತ್ತು?" ನಾನು ಉತ್ತರಿಸುವ ಮೊದಲೇ ಸಂಘದ ಕಾರ್ಯದರ್ಶಿಗಳು ಮೈಕ್ ತೆಗೆದುಕೊಂಡು, "ರಾಜಕೀಯ ಇವತ್ತು ಬೇಡ, ಹಬ್ಬದ ದಿನ" ಎಂದರು. ಶಾಲು ಹೊದಿಸಿದರು. ಆಮೇಲೆ ಬಿಸಿಬೇಳೆ ಬಾತ್ ಇತ್ತು. ಚೆನ್ನಾಗಿತ್ತು.

ಆ ಎಂಜಿನಿಯರ್ ಹೇಳಿದ್ದನ್ನು ನಾನು ಒಪ್ಪುತ್ತೇನೆ. ನಮ್ಮನ್ನು ಅಲ್ಲಿಗೆ ಕಳಿಸಿದ್ದು ತಪ್ಪು. ಆದರೆ ನಾನು ಅದನ್ನು ಹೇಳುವುದಕ್ಕೂ, ಆ ವರ್ಷ ಪತ್ರಿಕೆಯ ಒಳಪುಟವನ್ನೂ ತಿರುವಿ ನೋಡದವರು ತಟ್ಟೆ ಹಿಡಿದುಕೊಂಡು ಹೇಳುವುದಕ್ಕೂ ವ್ಯತ್ಯಾಸವಿದೆ. ಟಿವಿಯಲ್ಲಿ ಕಂಡ ಯುದ್ಧಕ್ಕೆ ಹಾರ, ಕಾಣದ ಯುದ್ಧಕ್ಕೆ ಬುದ್ಧಿಮಾತು. ಇವರೆಲ್ಲರಿಗಿಂತ ನಾನು ಮೇಲು, ನಿಜ ಹೇಳಿ ಬಂದೆ ಎಂಬ ಜಂಭದಲ್ಲಿ ಅಂದು ಮಲಗಿದೆ. ಅದು ಒಂದು ದಿನ ಬಾಳಿತು.

ಮರುದಿನ ಬೆಳಿಗ್ಗೆ ಮಣಿನಗರ ನಿಲ್ದಾಣದಿಂದಲೇ ವಡೋದರಾದ ಪ್ಯಾಸೆಂಜರ್ ಹಿಡಿದೆ. ನೂರು ಕಿಲೋಮೀಟರ್ ದಾರಿ. ಹಾಲಿನ ಕ್ಯಾನುಗಳು ಹತ್ತಿ ಇಳಿಯುವುದರಲ್ಲಿ ಮೂರು ತಾಸಾಯಿತು.

ನಂಜುಂಡಯ್ಯನವರ ಮನೆ ನಿಲ್ದಾಣದಿಂದ ದೂರವಿಲ್ಲದ ಒಂದು ಹೌಸಿಂಗ್ ಸೊಸೈಟಿಯಲ್ಲಿತ್ತು. ಗೇಟಿನ ಪಕ್ಕದ ಗೋಡೆಯ ಮೇಲೆ ಪ್ರಕಾಶನ ದೊಡ್ಡ ಫೋಟೋ, ಚೆಂಡುಹೂವಿನ ಹಾರ. ಕೆಳಗೆ ಗುಜರಾತಿಯಲ್ಲಿ ಎರಡು ಸಾಲು. ಹಿಂದಿ ಓದಲು ಬಂದವನಿಗೆ ಗುಜರಾತಿ ಅಷ್ಟು ಕಷ್ಟವಲ್ಲ, ತಲೆಯ ಮೇಲಿನ ಗೆರೆ ಇರುವುದಿಲ್ಲ ಅಷ್ಟೆ. ಓದಿದೆ. 'ಕಾರ್ಗಿಲ್ ಶಹೀದ್' ಎಂದಿತ್ತು.

ನಂಜುಂಡಯ್ಯನವರು ಅರಸೀಕೆರೆ ಕಡೆಯವರು. ಇಪ್ಪತ್ತರ ವಯಸ್ಸಿನಲ್ಲಿ ರೈಲ್ವೆಗೆ ಸೇರಿ ಇತ್ತ ಬಂದವರು, ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಈಗ ಕಿರಿಯ ಮಗ ಹರೀಶನ ಸಂಸಾರದ ಜೊತೆ ಇದ್ದಾರೆ. ಉಪ್ಪಿಟ್ಟಿನ ಮೇಲೆ ಸೇವ್ ಉದುರಿಸಿ ತಟ್ಟೆ ನನ್ನ ಮುಂದಿಟ್ಟು, "ಬೋರ್ಡ್ ನೋಡಿದ್ರಾ?" ಎಂದರು.

"ನೋಡಿದೆ. ಯಾರು ಬರೆಸಿದ್ದು?"

"ಸೊಸೈಟಿಯೋರು. ಜೂನಲ್ಲಿ ದಿನಾ ಟಿವಿ ನೋಡ್ತಿದ್ರಲ್ಲ, ಯಾರೋ ನೆನಪಿಸ್ಕೊಂಡ್ರು, ನಂಜು ಕಾಕಾನ ಮಗನೂ ಫೌಜಲ್ಲೇ ಹೋದ ಅಂತ. ಯಾವ ಯುದ್ಧ ಅಂತ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

"ಹೇಳಬಹುದಿತ್ತು" ಎಂದೆ. ನನ್ನ ದನಿ ಏರಿತ್ತು.

"ಹತ್ತು ವರ್ಷ ಹೇಳಿದೀನಿ ಸ್ವಾಮಿ. ಅಷ್ಟು ದೂರ ಯಾಕೆ ಹೋದ, ಇಲ್ಲೆಲ್ಲೂ ಕೆಲಸ ಸಿಗ್ಲಿಲ್ವಾ ಅನ್ನೋರು. ಅವರಮ್ಮ ಅದನ್ನೇ ಕೇಳಿಸ್ಕೊಂಡು ಹೋದ್ಲು. ಈಗ ನಾನು ಗೇಟಿಗೆ ಹೋದ್ರೆ ಎದ್ದು ನಿಲ್ತಾರೆ."

ಸೊಸೈಟಿಯ ಮಧ್ಯದ ಸಣ್ಣ ತೋಟಕ್ಕೆ ಜನವರಿ ಇಪ್ಪತ್ತಾರರಂದು ಪ್ರಕಾಶನ ಹೆಸರಿಡುವುದೆಂದು ಎಲ್ಲರೂ ಒಪ್ಪಿದ್ದರು. ಮೂರನೆಯ ಮಹಡಿಯ ವಕೀಲರೊಬ್ಬರು ಮಾತ್ರ ಕಾಗದ ತೋರಿಸಿ ಎಂದು ಹಟ ಹಿಡಿದಿದ್ದರು. ಸೈನ್ಯದವರು ಕೊಟ್ಟ ಕಾಗದದಲ್ಲಿ ಶ್ರೀಲಂಕಾ ಎಂದಿದೆ, ಅದನ್ನು ತೋರಿಸುವಂತಿಲ್ಲ. ಹಾಗಾಗಿ ಅವನ ಆಫೀಸರ್ ಆಗಿದ್ದ ನಾನು ಒಂದು ಬರೆದುಕೊಡಬೇಕು.

"ಸುಳ್ಳು ಬರೆಯಲಾರೆ" ಎಂದೆ.

ಅವರು ಸಿಟ್ಟಾಗಲಿಲ್ಲ. ಒಳಗೆ ಹೋಗಿ ಪ್ಲಾಸ್ಟಿಕ್ ಕವರೊಂದನ್ನು ತಂದರು. ಅದರಲ್ಲಿ ನನ್ನ ಕಾಗದವಿತ್ತು. "ಓದಿ, ಜೋರಾಗೇ ಓದಿ" ಎಂದರು.

ನನ್ನದೇ ಅಕ್ಷರ. ಪ್ರಕಾಶ ಶತ್ರುವನ್ನು ಎದುರಿಸುತ್ತ ಬಿದ್ದ, ಒಂದೇ ಗುಂಡು, ನೋವು ತಿಳಿಯುವ ಮೊದಲೇ ಪ್ರಾಣ ಹೋಗಿತ್ತು. ಓದುತ್ತಿದ್ದ ಹಾಗೆ ನೆನಪಾಯಿತು, ಆ ತಿಂಗಳು ಇನ್ನಿಬ್ಬರ ಮನೆಗೂ ಇದೇ ವಾಕ್ಯಗಳನ್ನು ಬರೆದಿದ್ದೆ. ಅವರಿಗೆ ಹಿಂದಿಯಲ್ಲಿ. ನಾನು ಹುಡುಕಿಕೊಂಡು ಬಂದ ದಾಖಲೆ ಇದು.

"ಇದು ನಿಜಾನಾ?"

ನಾನು ಕಾಗದವನ್ನು ಅವರ ಕೈಗೆ ತಿರುಗಿ ಕೊಟ್ಟೆ.

"ಮೂವತ್ತೆಂಟು ವರ್ಷ ಸ್ಟೇಷನ್‌ನಲ್ಲಿದ್ದೆ. ಹಳಿ ಮೇಲೆ ಬಿದ್ದೋರ ಮನೆಯೋರು ಬಂದ್ರೆ ನಾನು ಹೇಳ್ತಿದ್ದಿದ್ದೂ ಇದೇ ಮಾತು. ತಕ್ಷಣ ಹೋಯ್ತು, ನೋವಾಗ್ಲಿಲ್ಲ ಅಂತ. ನಿಮ್ಮ ಕಾಗದ ಬಂದ ದಿನಾನೇ ಗೊತ್ತಾಯ್ತು ನನಗೆ." ಅವರು ಕಾಗದವನ್ನು ಮಡಿಸಿ ಕವರಿಗೆ ಹಾಕಿದರು. "ಈಗ ಇನ್ನೊಂದು ಬರೀರಿ. ಈ ಸಲ ನಡೆದಿದ್ದು ನಡೆದ ಹಾಗೆ. ಕನ್ನಡದಲ್ಲೇ ಬರೀರಿ. ಕೆಳಗೆ ಕ್ಯಾಪ್ಟನ್ ಅಂತ ಇಂಗ್ಲಿಷಲ್ಲಿ ಸೈನ್ ಮಾಡಿ, ಸಾಕು."

ಅಲ್ಲೇ ನಿಂತಿದ್ದ ಹರೀಶನಿಗೆ ಗಾಬರಿಯಾಯಿತು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. "ಪಪ್ಪಾ, ಕನ್ನಡದಲ್ಲಿ ಬರೆದ್ರೆ ನನಗೇ ಪಢ್ನಾ ಬರಲ್ಲ. ಸೊಸೈಟಿವಾಲಾ ಯಾರು ಓದ್ತಾರೆ?"

"ಅದಕ್ಕೇ" ಎಂದರು ನಂಜುಂಡಯ್ಯ.

ಹೊರಡುವಾಗ ದಪ್ಪ ಬಾಂಡ್ ಕಾಗದವೊಂದನ್ನು ಮಡಿಕೆ ಬೀಳದಂತೆ ಹಳೆಯ ಕ್ಯಾಲೆಂಡರಿನಲ್ಲಿ ಸುತ್ತಿ ಕೊಟ್ಟರು. ಬರೆಯುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ, ತೆಗೆದುಕೊಂಡೆ.

ವಡೋದರಾದಿಂದ ಸೂರತ್ ಎರಡು ತಾಸಿನ ಮೇಲಿನ ದಾರಿ. ಕಿಟಕಿಯ ಪಕ್ಕ ಕುಳಿತು ನನಗೆ ನೆನಪಿರುವುದನ್ನು ಕ್ರಮವಾಗಿ ಹೇಳಿಕೊಂಡೆ. ಜಾಫ್ನಾದ ಒಂದು ಮನೆ, ಬೆಳಗಿನ ಹೊತ್ತು. ವೈರ್‌ಲೆಸ್ ಸೆಟ್ಟಿನಲ್ಲಿ ಆ ಕಡೆಯ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಆಂಟೆನಾ ತೆಗೆದುಕೊಂಡು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹತ್ತಿರ ಹೋಗು ಎಂದು ಪ್ರಕಾಶನಿಗೆ ಹೇಳಿದೆ. ಗುಂಡು ಬಿತ್ತು. ನಲವತ್ತು ನಿಮಿಷ ನಮಗೆ ಯಾರಿಗೂ ಮೇಲೆ ಹೋಗಲಾಗಲಿಲ್ಲ. ಅಷ್ಟು ಹೊತ್ತೂ ಅವನು "ಸಾರ್, ಸಾರ್" ಎಂದು ಕೂಗುತ್ತಿದ್ದ. ನಾನು ಮೆಟ್ಟಿಲ ಕೆಳಗಿದ್ದೆ. ಹನ್ನೆರಡು ವರ್ಷದಿಂದ ನನ್ನ ಕಿವಿಯಲ್ಲಿರುವುದು ಆ ಕೂಗು.

ಅಂದು ನನ್ನ ಪಕ್ಕದಲ್ಲಿದ್ದವನು ಹವಾಲ್ದಾರ್ ಕಲ್ಲಪ್ಪ, ಗೋಕಾಕದ ಕಡೆಯವನು. ಈಗ ಸೂರತ್ತಿನ ರಿಂಗ್ ರೋಡಿನ ಒಂದು ಬಟ್ಟೆ ಮಾರ್ಕೆಟ್ಟಿನಲ್ಲಿ ವಾಚ್‌ಮನ್‌ಗಳ ಮೇಲ್ವಿಚಾರಕ. ಪ್ರತಿ ಹೊಸ ವರ್ಷಕ್ಕೆ ನನಗೊಂದು ಕಾರ್ಡು ಹಾಕುತ್ತಾನೆ. ಗೇಟಿನ ಹತ್ತಿರ ಹೋದಾಗ ಸೀರೆ ಗಂಟುಗಳ ಟೆಂಪೋ ಒಂದರಿಂದ ಡ್ರೈವರ್ ಕೂಗುತ್ತಿದ್ದ: "ಏ ಕಾರ್ಗಿಲ್! ಗೇಟ್ ಖೋಲ್!" ಕಲ್ಲಪ್ಪ ಗೇಟು ತೆರೆದ. ಆಮೇಲೆ ನನ್ನನ್ನು ನೋಡಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ.

"ಕಾರ್ಗಿಲ್ ಅಂತಾರಲ್ಲೋ ನಿನಗ. ಅಲ್ಲ ಅಂತ ಹೇಳಂಗಿಲ್ಲೇನು?"

"ಹೇಳಾಕ ಪುರಸೊತ್ತೆಲ್ಲಿ ಐತ್ರಿ ಸಾಹೇಬ್ರ? ಹಿಂದ ನಾಕ್ ಗಾಡಿ ಹಾರ್ನ್ ಹೊಡೀತಿರ್ತಾವ."

ಅವನ ಕೋಣೆಯಲ್ಲಿ ಊಟಕ್ಕೆ ಕುಳಿತೆವು. ಇಲ್ಲಿಯ ಸಜ್ಜೆ ರೊಟ್ಟಿ ನಮ್ಮ ಕಡೆಯದಕ್ಕಿಂತ ದಪ್ಪ. ಮೇಲೆ ಬೆಲ್ಲ, ತುಪ್ಪ. ಮೊದಲು ಇದನ್ನೇ ಕೇಳಿದೆ: "ಅವನನ್ನ ಮ್ಯಾಲೆ ಹತ್ತಿಸಿದ್ದು ನಾನಽ ಹೌದಲ್ಲೋ?"

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಹೌದ್ರಿ. ನೀವಽ ಹತ್ತು ಅಂದ್ರಿ. ಅದು ಖರೆ."

"ನಲವತ್ತು ನಿಮಿಷ ಕೂಗಿದ."

"ಯಾರು?"

"ಪ್ರಕಾಶ."

ಕಲ್ಲಪ್ಪ ತಲೆಯೆತ್ತಿ ನೋಡಿದ. "ಅಂವ ಒಂದ್ ಮಾತೂ ಆಡಲಿಲ್ರೀ. ಕೂಗಿದಾವ್ರು ನೀವು. 'ಪ್ರಕಾಶಾ, ಪ್ರಕಾಶಾ' ಅಂತ. ನಮ್ಮ ಜಾಗಾ ಗೊತ್ತಾದೀತಂತ ನಾ ನಿಮ್ಮ ಬಾಯಿ ಒತ್ತಿ ಹಿಡದಿದ್ನಿ, ಮರತ್ರೇನು? ಟಾಕಿಗೆ ತೂತು ಬಿದ್ದು ನೀರು ಮೆಟ್ಟಲಾ ಇಳದು ಬರತಿತ್ತು. ಮತ್ತೇನೂ ಸಪ್ಪಳ ಇರಲಿಲ್ಲ."

ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾನೆಯೇ ಎಂದು ಅವನ ಮುಖ ನೋಡಿದೆ. ಹಾಗಿದ್ದರೆ ಹತ್ತಿಸಿದ್ದೂ ನೀವಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಅಥವಾ ಒಂದನ್ನು ಒಪ್ಪಿಕೊಂಡರೆ ಇನ್ನೊಂದನ್ನು ನಾನು ನಂಬುತ್ತೇನೆಂದು ಅವನಿಗೆ ಗೊತ್ತಿತ್ತೋ ಏನೋ. ಮೆಟ್ಟಿಲಿನ ಮೇಲೆ ಹರಿದ ನೀರು ನನಗೆ ಚೂರೂ ನೆನಪಿರಲಿಲ್ಲ. ಜನ ಆ ಯುದ್ಧವನ್ನು ಮರೆತರು, ತಿರುಚಿದರು ಎಂದು ಇಷ್ಟು ವರ್ಷ ಬೈಯುತ್ತ ಬಂದಿದ್ದೆ. ಅಲ್ಲಿಯೇ ಇದ್ದ ನಾನು ಅದನ್ನು ಹೇಗೆ ಇಟ್ಟುಕೊಂಡಿದ್ದೆ?

ಮರುದಿನ ಮಧ್ಯಾಹ್ನದ ಗಾಡಿ ಒಂದೂವರೆ ತಾಸು ತಡವಿತ್ತು. ಸೂರತ್ ನಿಲ್ದಾಣದ ವೇಟಿಂಗ್ ರೂಮಿನಲ್ಲಿ ಬಾಂಡ್ ಕಾಗದ ಬಿಚ್ಚಿ, ಹೋಲ್ಡಾಲನ್ನೇ ಮೇಜು ಮಾಡಿಕೊಂಡು ಬರೆದೆ. ಊರು, ತಿಂಗಳು ಬರೆದೆ. ಅವನನ್ನು ತಾರಸಿಗೆ ಕಳಿಸಿದ್ದು ನಾನು ಎಂದು ಬರೆದೆ. ಅವನು ನಲವತ್ತು ನಿಮಿಷ ಕೂಗಿದ ಹಾಗೆ ನನಗೆ ನೆನಪಿದೆ. ಅವನು ಕೂಗಲೇ ಇಲ್ಲ, ಕೇಳುತ್ತಿದ್ದದ್ದು ನೀರಿನ ಸದ್ದು ಎಂದು ಜೊತೆಯಲ್ಲಿದ್ದ ಕಲ್ಲಪ್ಪ ಹೇಳುತ್ತಾನೆ. ಎರಡರಲ್ಲಿ ಯಾವುದು ನಡೆದದ್ದೋ ನನಗೆ ಗೊತ್ತಿಲ್ಲ. ಕಾರ್ಗಿಲ್ ಎಂಬ ಶಬ್ದವನ್ನು ಎಲ್ಲಿಯೂ ಬರೆಯಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಸಹಿ, ಹುದ್ದೆ. ಪ್ಲಾಟ್‌ಫಾರ್ಮಿನ ಅಂಚೆ ಡಬ್ಬಿಗೆ ಹಾಕಿ ಗಾಡಿ ಹತ್ತಿದೆ.

ಫೆಬ್ರವರಿಯಲ್ಲಿ ವಡೋದರಾದಿಂದ ಒಂದು ಫೋಟೋ ಬಂತು. ಹಿಂದೆ ನಂಜುಂಡಯ್ಯನವರ ಅಕ್ಷರ: 'ಕಾಗದ ತಲುಪಿತು. ವಕೀಲರಿಗೂ ತೃಪ್ತಿಯಾಗಿದೆ. ದಿನಾ ಬೆಳಿಗ್ಗೆ ಹಾಲು ತರಲು ಹೋಗುವಾಗ ನಿಂತು ಓದುತ್ತೇನೆ. ಕಲ್ಲಪ್ಪನವರು ಹೇಳಿದ್ದೇ ಸರಿ ಅಂತ ಇಟ್ಟುಕೊಂಡಿದ್ದೇನೆ.'

ಫೋಟೋದಲ್ಲಿ ಸೊಸೈಟಿಯ ತೋಟದ ಬಾಗಿಲು ಇದೆ. ಪ್ರಕಾಶನ ಚಿತ್ರದ ಕೆಳಗೆ ಗಾಜು ಹಾಕಿಸಿದ ಚೌಕಟ್ಟಿನಲ್ಲಿ ನನ್ನ ಬಾಂಡ್ ಕಾಗದ, ಅದಕ್ಕೂ ಒಂದು ಹಾರ. ಅದರ ಮುಂದೆ ಇಪ್ಪತ್ತು ಮೂವತ್ತು ಜನ ತಲೆ ಬಾಗಿಸಿ ಕೈ ಮುಗಿದು ನಿಂತಿದ್ದಾರೆ. ನಂಜುಂಡಯ್ಯ ಒಬ್ಬರೇ ಕೈ ಮುಗಿದಿಲ್ಲ. ಕನ್ನಡಕವನ್ನು ಮೂಗಿನ ಮೇಲೆ ಸರಿ ಮಾಡಿಕೊಂಡು, ಗಾಜಿಗೆ ಮುಖ ಹತ್ತಿರ ಹಿಡಿದು ಓದುತ್ತಿದ್ದಾರೆ.