ಕ್ಯಾಮೆರಾದ ಮೇಲಿನ ಟಿಕಳಿ

ಲ್ಯಾಪ್‌ಟಾಪಿನ ಕ್ಯಾಮೆರಾ ಮುಚ್ಚಲು ಹೆಸರುಕಾಳಿನಷ್ಟು ದೊಡ್ಡ ಟಿಕಳಿ ಬೇಕು. ಚಿಕ್ಕದಾದರೆ ಅಂಚಿನಲ್ಲಿ ಗಾಜು ಇಣುಕುತ್ತದೆ. ದೊಡ್ಡದಾದರೆ ಪಕ್ಕದ ಸಣ್ಣ ದೀಪವೂ ಮುಚ್ಚಿಹೋಗಿ, ಕ್ಯಾಮೆರಾ ಚಾಲೂ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಅವ್ವ ಹಣೆಗೆ ಹಚ್ಚಿಕೊಳ್ಳುವ ಟಿಕಳಿಯ ಪಾಕೀಟಿನಿಂದ ಮರೂನ್ ಬಣ್ಣದ್ದೊಂದನ್ನು ಕಿತ್ತು ಅಂಟಿಸಿದ್ದೆ. ಸೆಕೆಗೆ ಅಂಟು ಸಡಿಲಾದಾಗ ಇನ್ನೊಂದು.

ಧಾರವಾಡದಲ್ಲಿ ಭೂಗೋಳದ ಎಂ.ಎ. ಮುಗಿಸಿ ರೋಣದ ಮನೆಗೆ ಮರಳಿದ ಮೇಲೆ ಒಂದು ಉಚಿತ ಆನ್‌ಲೈನ್ ತರಗತಿಗೆ ಸೇರಿದ್ದೆ. ಉಪಗ್ರಹದ ಚಿತ್ರಗಳಿಂದ ನಕ್ಷೆ ಮಾಡುವುದನ್ನು ಕಲಿಸುತ್ತಿದ್ದರು. ಕೊನೆಯ ದಿನ ಎಲ್ಲರೂ ಕ್ಯಾಮೆರಾ ಚಾಲೂ ಮಾಡಿ ತಮ್ಮ ತಮ್ಮ ನಕ್ಷೆಯನ್ನು ವಿವರಿಸಬೇಕು, ಚೆನ್ನಾಗಿ ಮಾಡಿದವರಿಗೆ ಮನೆಯಿಂದಲೇ ಮಾಡುವ ಕೆಲಸ ಕೊಡುತ್ತೇವೆ ಎಂದು ಆರಂಭದಲ್ಲೇ ಹೇಳಿದ್ದರು. ಆ ಕೆಲಸ ನನಗೆ ಬೇಕಾಗಿತ್ತು. ಬೇರೆ ಯಾವುದೂ ಅಷ್ಟು ಬೇಕಾಗಿರಲಿಲ್ಲ.

ಉಚಿತವಾಗಿ ಕಲಿಸುವವರು ಬದಲಿಗೆ ಏನು ತೆಗೆದುಕೊಳ್ಳುತ್ತಾರೆ ಎಂಬುದು ಗೊತ್ತಿದ್ದುದರಿಂದ ಕೊಡುವುದನ್ನು ಅಳೆದು ಕೊಟ್ಟಿದ್ದೆ. ಹೆಸರಿನ ಜಾಗದಲ್ಲಿ ಒಂದೇ ಅಕ್ಷರ. ಫೋಟೋ ಇಲ್ಲ, ಫೋನ್ ನಂಬರ್ ಇಲ್ಲ. ಊರಿನ ಬದಲು ರಾಜ್ಯದ ಹೆಸರು. ತರಗತಿಗೆಂದೇ ಹೊಸ ಮೇಲ್ ವಿಳಾಸ ಮಾಡಿಕೊಂಡಿದ್ದೆ. ಅದರಲ್ಲಿ ನನ್ನ ಹೆಸರಿನ ಸುಳಿವೂ ಇರಲಿಲ್ಲ. ನಿಮ್ಮ ಪರಿಸರದ ನಕ್ಷೆ ಮಾಡಿ ಎಂದಾಗಲೂ ರೋಣವನ್ನು ಬಿಟ್ಟು ಅವ್ವನ ತವರೂರಾದ ಹೊಳೆಆಲೂರನ್ನು ಆರಿಸಿಕೊಂಡೆ. ಮಲಪ್ರಭೆ ಉಕ್ಕಿದಾಗ ಯಾವ ಓಣಿಗೆ ಮೊದಲು ನೀರು ಬರುತ್ತದೆ ಎಂಬುದು ನನ್ನ ನಕ್ಷೆಯ ವಿಷಯ. ಅವ್ವ ರೊಟ್ಟಿ ಬಡಿಯುತ್ತಲೇ ನೋಡಿ ತಪ್ಪು ತೆಗೆಯುತ್ತಿದ್ದಳು.

"ಇದ ಓಣಿ ಬಿಟ್ಟೀಯಲ್ಲ. ಇಲ್ಲಿ ಕಟ್ಟಿ ಮಟಾ ನೀರ ಬಂದಿತ್ತು."

"ಚಿತ್ರದಾಗ ಒಣಾ ಕಾಣತೈತಿ ಅವ್ವಾ."

"ಮ್ಯಾಲಿಂದ ನೋಡಿದ್ರ ಏನ ಕಾಣಬೇಕು? ನಾ ಸೀರಿ ಎತ್ತಿ ಹಿಡಕೊಂಡು ನಡದೀನಿ ಅಲ್ಲಿ."

ಒಮ್ಮೆ ಹೋಗಿ ಆ ಓಣಿಯನ್ನು ಕಣ್ಣಾರೆ ನೋಡಬೇಕು ಎಂದುಕೊಂಡಿದ್ದೆ. ಹೋಗಿರಲಿಲ್ಲ.

ಕೊನೆಯ ತರಗತಿಯ ಹಿಂದಿನ ದಿನ ಮಧ್ಯಾಹ್ನ ಆ ಮೇಲ್ ವಿಳಾಸಕ್ಕೆ ಒಂದು ಪತ್ರ ಬಂತು. ನಾವು ಹಂಚಿಕೊಂಡ ನಕ್ಷೆಗಳ ಕೆಳಗೆ ಪ್ರತಿಯೊಬ್ಬರ ಮೇಲ್ ವಿಳಾಸವೂ ಕಾಣುತ್ತಿತ್ತು. ಅದನ್ನು ನೋಡಿ ಯಾರೋ ಬರೆದಿದ್ದರು.

"ನಮಸ್ಕಾರ್ರಿ. ನೀವು ರೋಣದವರಲ್ರಿ? ಈ ಮೇಲ್ ನಿಮ್ಮ ಬಯೋಡೇಟಾದಾಗ ಐತಿ. ಗಜೇಂದ್ರಗಡದಾಗ ನಮ್ಮ ಮನಿಗೆ ಬಂದಿತ್ರಿ. ನಾನೂ ಇದ ಕ್ಲಾಸಿನ್ಯಾಗ ಅದೀನಿ. ನಾಳೆ ಎಲ್ಲಾರೂ ಕ್ಯಾಮೆರಾ ಚಾಲೂ ಮಾಡಬೇಕಲ್ರಿ. ಫೋಟೋದಾಗ ಇದ್ದಂಗ ಅದೀರೋ ಇಲ್ಲೋ ನೋಡೂಣು."

ಕೊನೆಗೆ ನಗುವ ಮೂರು ಹಳದಿ ಮುಖಗಳು, ಅವುಗಳ ಕೆಳಗೆ ಒಬ್ಬ ಹುಡುಗನ ಹೆಸರು.

ವರ ಹುಡುಕಲೆಂದು ನನ್ನ ಬಯೋಡೇಟಾ ಹಂಚಿದವರು ಕಾಕಾ, ಅಪ್ಪನ ತಮ್ಮ. ಗಜೇಂದ್ರಗಡದಲ್ಲಿ ಅವರದು ಬಟ್ಟೆ ಅಂಗಡಿ. ಅಂದು ಸಂಜೆ ಮನೆಗೆ ಬಂದಿದ್ದರು. ಅವರೆದುರು ನಿಂತು, ನನ್ನ ಬಯೋಡೇಟಾ ತೋರಿಸು ಎಂದೆ. ಸಂತೋಷದಿಂದಲೇ ಫೋನ್ ತೆಗೆದುಕೊಟ್ಟರು. ಹುಟ್ಟಿದ ದಿನ, ಗಳಿಗೆ, ನಕ್ಷತ್ರ, ಎತ್ತರ, ಬಣ್ಣ, ಓದು, ಅಪ್ಪನ ಹೊಲ, ಮನೆಯ ವಿಳಾಸ. ಮೇಲೆ ನರಗುಂದದ ಮದುವೆಯೊಂದರಲ್ಲಿ ತೆಗೆದ ನನ್ನ ಫೋಟೋ. ಪಕ್ಕದಲ್ಲಿದ್ದವರನ್ನು ಕತ್ತರಿಸಿ ತೆಗೆದಿದ್ದರು. ಯಾರದೋ ನಾಲ್ಕು ಬೆರಳು ಮಾತ್ರ ನನ್ನ ಭುಜದ ಮೇಲೆ ಉಳಿದಿದ್ದವು. ಎಲ್ಲಕ್ಕಿಂತ ಕೆಳಗೆ ಆ ಮೇಲ್ ವಿಳಾಸ.

"ಇದನ್ನ ಯಾಕ ಹಾಕಿದಿ ಕಾಕಾ?"

"ನಿನ್ನ ನಂಬರ್ ಹಾಕಬ್ಯಾಡ ಅಂದಿದ್ದಿ. ಹಾಕಿಲ್ಲ ನೋಡು! ನಿನ್ನ ಲ್ಯಾಪ್‌ಟಾಪ್ ತೆರದಿತ್ತು, ಮ್ಯಾಲ ಈ ಮೇಲ್ ಇತ್ತು. ಹಾಕಿದೆ. ಮೇಲ್ ಇದ್ರ ಹುಡುಗಿ ಕಲತಾಕಿ ಅಂತ ಗೊತ್ತಾಗತೈತಿ."

"ಯಾರ್ಯಾರಿಗೆ ಕಳಿಸಿದಿ?"

"ನರಗುಂದದಾಗ, ಗಜೇಂದ್ರಗಡದಾಗ, ಬೆಳವಣಕಿಯಾಗ. ಅವರು ಮುಂದ ಯಾರಿಗೆ ಕಳಿಸ್ಯಾರೋ ನನಗ ಹ್ಯಾಂಗ ಗೊತ್ತು?"

ಬಂದ ಪತ್ರವನ್ನು ತೋರಿಸಿದೆ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಕಾಕಾ ಅದನ್ನು ಗಟ್ಟಿಯಾಗಿ ಓದಿ, ಕೆಳಗಿನ ಹೆಸರು ನೋಡಿ, ಅಪ್ಪನ ಕಡೆ ತಿರುಗಿದರು.

"ಅಣ್ಣಾ, ಹುಡುಗ ತಾನ ಮಾತಾಡಸ್ಯಾನ! ಅರ್ಧಾ ಕೆಲಸ ಆತು."

"ಮನಿತನ ಹ್ಯಾಂಗ?" ಎಂದರು ಅಪ್ಪ.

"ಭಾಳ ಚಲೋ. ನನ್ನ ಅಂಗಡಿಗೆ ಬರೂ ಮಂದಿ."

"ಅಂವಾ ನನಗ ಹಿಂಗ ಬರದದ್ದು ಸರಿ ಏನಪಾ?" ಎಂದು ಅಪ್ಪನನ್ನು ಕೇಳಿದೆ.

ಅಪ್ಪ ಚಹಾದ ಬಟ್ಟಲನ್ನು ಒಮ್ಮೆ ತಿರುಗಿಸಿದರು. "ಹುಡುಗರು. ಚ್ಯಾಷ್ಟಿ ಮಾಡ್ಯಾನ."

ಕಾಕಾ ಅಷ್ಟರಲ್ಲೇ ಫೋನ್ ಹಿಡಿದು ಅಂಗಳಕ್ಕೆ ಹೋಗಿದ್ದರು. ಹೌದ್ರಿ, ಹೌದ್ರಿ, ಆಗ್ಲಿರಿ ಎನ್ನುವುದು ಕೇಳುತ್ತಿತ್ತು. ಒಳಗೆ ಬಂದವರ ಮುಖದಲ್ಲಿ ವ್ಯಾಪಾರ ಕುದುರಿದ ಕಳೆ.

"ನಾಳೆ ಅವರ ಮನ್ಯಾಗ ಎಲ್ಲಾರೂ ಕೂಡಿ ನೋಡ್ತಾರಂತ. ಕ್ಲಾಸು ಟಿವಿಗೆ ಹಚ್ಚತಾನಂತ ಹುಡುಗ. ಅವರ ಅಜ್ಜಿ ಸೈತ ಕುಂದರ್ತಾಳಂತ."

"ಅದು ನನ್ನ ಪರೀಕ್ಷಾ ಇದ್ದಂಗ ಕಾಕಾ."

"ಚಲೋ ಆತಲ್ಲ! ಶಾಣ್ಯಾ ಹುಡುಗಿ ಅಂತ ಅವರಿಗೂ ತಿಳೀಲಿ. ಕನ್ಯಾ ನೋಡಾಕ ಅವರು ಬರೂದು ಬ್ಯಾಡ, ನಾವು ಕರಿಯೂದು ಬ್ಯಾಡ. ಅವಲಕ್ಕಿ ಉಳೀತು."

ಅಪ್ಪ ನಕ್ಕರು. ಅವ್ವನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿ, "ಸೀರಿ ಉಟ್ಕೊಂಡು ಕುಂದ್ರ ಯವ್ವಾ. ಬರೇ ಮಾರಿ ಕಾಣತೈತಿ ಅಂತ ನೈಟಿ ಮ್ಯಾಲ ಕುಂದರಬ್ಯಾಡ," ಎಂದಳು.

ನಾನು ನೈಟಿಯಲ್ಲಿ ತರಗತಿಗೆ ಕೂರುತ್ತಿದ್ದೆ ಎಂಬುದು ಟಿಕಳಿಯ ಈಚೆಗಿದ್ದವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಈಗ ಕಾಕಾಗೂ ಗೊತ್ತಾಯಿತು.

ಆ ಬಯೋಡೇಟಾವನ್ನಾದರೂ ವಾಪಸ್ ತರಿಸಿ ಎಂದೆ. "ಹೋದದ್ದನ್ನ ಹ್ಯಾಂಗ ತರೂದು? ಏನ ಹೊಲಸ ಬರದೇವೇನ ಅದರಾಗ? ಇದ್ದದ್ದ ಬರದೇವಿ," ಎಂದರು ಅಪ್ಪ. ಅವರ ದೃಷ್ಟಿಯಲ್ಲಿ ಅದು ನಿಜ. ಸುಳ್ಳು ಬರೆದಿದ್ದರೆ ಅವರಿಗೆ ನಾಚಿಕೆಯಾಗುತ್ತಿತ್ತು. ನಿಜವೂ ನನ್ನದಾಗಿರಬಹುದು, ಅದನ್ನು ಕೊಡುವ ಮೊದಲು ನನ್ನನ್ನು ಕೇಳಬೇಕಿತ್ತು ಎಂಬುದು ಆ ಪಡಸಾಲೆಯಲ್ಲಿ ಯಾರಿಗೂ ಅರ್ಥವಾಗುವ ಮಾತಾಗಿರಲಿಲ್ಲ. ನನಗೂ ಅದನ್ನು ಆಡಲು ಬರಲಿಲ್ಲ.

ತರಗತಿಯ ಮೇಷ್ಟ್ರಿಗೆ ಬರೆದೆ: ನಾಳೆ ಕ್ಯಾಮೆರಾ ಇಲ್ಲದೆ, ಧ್ವನಿಯಲ್ಲಷ್ಟೇ ನಕ್ಷೆ ವಿವರಿಸಬಹುದೇ? ಕಾರಣ ಬರೆಯಲಿಲ್ಲ. ಬರೆದಿದ್ದರೆ ನಾನು ಮುಖ ಕಂಡಿರದ ಇನ್ನೊಬ್ಬ ಮನುಷ್ಯನಿಗೆ ನನ್ನ ಮನೆಯ ಮಾತು ತಿಳಿಯುತ್ತಿತ್ತು. ಉತ್ತರ ಬೇಗ ಬಂತು. ನಿಯಮ ಎಲ್ಲರಿಗೂ ಒಂದೇ; ಮಾತಾಡುತ್ತಿರುವವರು ನೀವೇ ಎಂದು ನಮಗೆ ಖಚಿತವಾಗಬೇಕು. ಸಭ್ಯವಾದ ಉತ್ತರ. ಅವರನ್ನು ದೂರಲಾರೆ. ಇಷ್ಟು ದಿನ ನನ್ನಿಂದ ಕಡಿಮೆ ಕೇಳಿದವರು ಅವರೊಬ್ಬರೇ.

ಕ್ಯಾಮೆರಾ ಚಾಲೂ ಮಾಡಿದರೆ ಕೆಲಸ ಸಿಗಬಹುದಿತ್ತು. ಆದರೆ ಗಜೇಂದ್ರಗಡದ ಒಂದು ಮನೆಯ ಟಿವಿಯಲ್ಲಿ, ಅಜ್ಜಿಯ ಎದುರು, ನಾನು ನೀರಿನ ಮಟ್ಟದ ಬಗ್ಗೆ ಮಾತಾಡುತ್ತಿರುವಾಗ ಅವರು ನನ್ನ ಮೂಗು ನೋಡುತ್ತಿರುತ್ತಾರೆ. ಆಮೇಲೆ ನಾನು ಏನೇ ಅಂದರೂ, ಹುಡುಗಿ ಒಪ್ಪಿಯೇ ಕೂತಿದ್ದಳು ಎನ್ನುತ್ತಾರೆ ಕಾಕಾ.

ಮರುದಿನ ಬೆಳಿಗ್ಗೆ ನೋಡಿದರೆ ಲ್ಯಾಪ್‌ಟಾಪಿನ ಮೇಲೆ ಅವ್ವನ ಇಳಕಲ್ ಸೀರೆ ಇತ್ತು, ಇಸ್ತ್ರಿ ಮಾಡಿದ್ದು. ಅದರ ಮೇಲೆ ಹೊಸ ಟಿಕಳಿ ಪಾಕೀಟು. ಎರಡನ್ನೂ ಎತ್ತಿ ಟ್ರಂಕಿನಲ್ಲಿಟ್ಟೆ. ನನ್ನ ನಕ್ಷೆಯನ್ನು ಇಳಿಸಿಕೊಂಡು ಫೋನಿಗೆ ಹಾಕಿಕೊಂಡೆ. ನಂತರ ತರಗತಿಯ ಖಾತೆಯನ್ನು ಅಳಿಸಿದೆ. ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿ ಅವರು ಕೊಟ್ಟ ಕಾರಣಗಳಲ್ಲಿ ನನ್ನದು ಇರಲಿಲ್ಲ. ಯಾವುದನ್ನೂ ಒತ್ತದೆ ಮುಂದೆ ಹೋದೆ. ಮೇಲ್ ವಿಳಾಸವನ್ನೂ ಅಳಿಸಿದೆ.

ಅವ್ವ ಹಿತ್ತಲಲ್ಲಿದ್ದಳು. ನಾನು ಚಪ್ಪಲಿ ಮೆಟ್ಟಿ ಹೊಳೆಆಲೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಕಾಕಾನ ಕರೆ ಬಂತು, ಮತ್ತೆ ಬಂತು. ಫೋನಿನ ಸದ್ದು ನಿಲ್ಲಿಸಿದೆ. ಅವ್ವ ಹೇಳಿದ್ದ ಓಣಿಗೆ ಹೋಗಿ ಮೊದಲನೇ ಮನೆಯ ಬಾಗಿಲಲ್ಲಿ ನಿಂತೆ. ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದ ಮುದುಕಿ ತಲೆಯೆತ್ತಿದಳು.

"ಯಾರ ಮಗಳ ಯವ್ವಾ ನೀ?"

ನಾನು ಹೇಳಲಿಲ್ಲ. ಈ ಕಟ್ಟೆಗೆ ನೀರು ಎಲ್ಲಿ ಮಟ ಬಂದಿತ್ತು ಎಂದು ಕೇಳಿದೆ. ಅವಳು ಕೈಯಿಟ್ಟು ತೋರಿಸಿದಳು. ಅದನ್ನು ನಕ್ಷೆಯಲ್ಲಿ ಗುರುತು ಮಾಡಿಕೊಂಡು ಎರಡನೇ ಮನೆಗೆ ಹೋದೆ.